ಚಳಿಗಾಲದ ಅಂಗಳದಲ್ಲಿ ಎಷ್ಟು ನಾಯಿ?

(ಬೆಂಗಳೂರಿನ ಮೆಜೆಸ್ಟಿಕ್ ಸಮೀಪದ ಸಭಾಂಗಣವೊಂದರಲ್ಲಿ, ರಜೆಗೆ ಊರಿಗೆ ಹೊರಟ ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಊರಿನಿಂದ ಬಂದ ಕೃಷಿಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ.)



ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದು ನಿಂತ ಮೆಜೆಸ್ಟಿಕ್ ಬಸ್ ನಿಲ್ದಾಣವು ಮಲೆನಾಡಿಗರಾದ ನಮಗೆ ನಗರದ ಹೆಬ್ಬಾಗಿಲು. ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಇಲ್ಲಿ ಇಳಿದವರು ಒಂದು ದೃಶ್ಯವನ್ನು ಕಂಡೇ ಇರುತ್ತೀರಿ. ಮುಚ್ಚಿದ ಅಂಗಡಿಯ ಮೆಟ್ಟಿಲ ಬಳಿ ಮುದುಡಿ ಮಲಗಿದ ತಾಯಿನಾಯಿ, ಅದರ ಹೊಟ್ಟೆಗೆ ಅಂಟಿಕೊಂಡ ಮರಿಗಳು. ನಮ್ಮ ನಾಡನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಕೂಡುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಆದ್ದರಿಂದ ಮರಿಗಳು ಕಣ್ತೆರೆಯುವುದು ಚಳಿಯ ನಡುವೆಯೇ.

ಅವುಗಳನ್ನು ಕಂಡು ಮರುಗಿ, ‘ಊರಿನಲ್ಲಿ ಜಾಗವಿದೆ, ಅನ್ನವಿದೆ’ ಎಂದು ಒಂದೆರಡನ್ನು ಮನೆಗೆ ಒಯ್ಯುವವರು ನಮ್ಮಲ್ಲಿದ್ದಾರೆ. ನಾನೂ ಒಯ್ದವನೇ. ಆಗ ನಮ್ಮ ತೋಟದ ಮನೆಯಲ್ಲಿ ನಾಲ್ಕು ನಾಯಿಗಳಿದ್ದವು. ಮಂಗ, ಕಾಡುಹಂದಿಗಳ ಕಾಟ, ಅಂಗಳದಲ್ಲಿ ಅಡಿಕೆ. ಐದನೆಯದು ಭಾರವಾಗದೆಂದು ತಿಳಿದೆ. ವಾರದೊಳಗೆ ಮರಿಯ ಕಣ್ಣು, ಮೂಗು ಸೋರತೊಡಗಿದವು. ಬಳಿಕ ಸೆಳೆತ ಬಂದಿತು. ಅದು ಡಿಸ್ಟೆಂಪರ್. ಮರಿಯೂ ಮನೆಯ ಎರಡು ನಾಯಿಗಳೂ ಸತ್ತವು. ಮೂರನೆಯದು ತೂರಾಡುತ್ತ ಕಾಡಿನ ಕಡೆ ಹೋದದ್ದು ಮರಳಲಿಲ್ಲ. ತೋಟಕ್ಕೆ ಹೊಸ ಸಸಿ ತಂದರೆ ರೋಗವಿದೆಯೇ ಎಂದು ಎಲೆ ಮಗುಚಿ ನೋಡುವ ನಾನು, ಮರಿಯ ವಿಷಯದಲ್ಲಿ ಆ ಎಚ್ಚರವನ್ನು ವಹಿಸಲಿಲ್ಲ. ಮನೆಯ ನಾಯಿಗಳಿಗೆ ಲಸಿಕೆಯನ್ನೂ ಹಾಕಿಸಿರಲಿಲ್ಲ.

ಸತ್ತ ನಾಯಿಗಳಿಗಿಂತಲೂ ಕಾಡಿಗೆ ಹೋದ ಆ ಒಂದು ನಾಯಿ ನನ್ನನ್ನು ಹೆಚ್ಚು ಕಾಡುತ್ತದೆ. ಡಿಸ್ಟೆಂಪರ್ ವೈರಾಣು ನಾಯಿಗಳಲ್ಲಿಯೇ ನಿಲ್ಲುವಂಥದ್ದಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರನೆಯ ಒಂದು ಭಾಗದಷ್ಟನ್ನು ಅದು ಬಲಿ ತೆಗೆದುಕೊಂಡಿತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದ ಸಿಂಹಗಳೂ ಅದಕ್ಕೆ ತುತ್ತಾದವು. ನಮ್ಮ ಘಟ್ಟಗಳ ಕೆನ್ನಾಯಿಗಳು ನಾಯಿಯ ಕುಲದವೇ. ಗುಂಪಾಗಿ ಬಾಳುವುದರಿಂದ ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ಹರಡೀತು. ನಾವು ಬಿಟ್ಟ ನಾಯಿ ಕಾಡುಕುರಿಯನ್ನು ಅಟ್ಟುವುದು ನಮ್ಮ ಕಣ್ಣಿಗೆ ಬೀಳುತ್ತದೆ. ಅದು ಬಿಟ್ಟುಬಂದ ರೋಗ ಬೀಳುವುದಿಲ್ಲ.

ಹಾಗಾದರೆ ಎಷ್ಟು ನಾಯಿಗಳನ್ನು ಸಾಕಬಹುದು? ಚಳಿಗಾಲದ ರಾತ್ರಿ ಎಷ್ಟನ್ನು ಬೆಚ್ಚಗೆ, ಹೊಟ್ಟೆ ತುಂಬಿಸಿ, ಬಾಗಿಲೊಳಗೆ ಇಟ್ಟುಕೊಳ್ಳಬಲ್ಲೆವೋ ಅಷ್ಟು ಮಾತ್ರ. ಅನ್ನದ ಲೆಕ್ಕವೊಂದೇ ಸಾಲದು.

ಬಾಗಿಲೊಳಗೆ ಎಂದು ಒತ್ತಿ ಹೇಳುತ್ತೇನೆ. ಅಂಗಳದ ಕಂಬಕ್ಕೆ ಕಟ್ಟಿದ ನಾಯಿ ಚಿರತೆಗೆ ನಾವೇ ಇಟ್ಟ ಎಡೆ. ನಾಯಿಯ ರುಚಿಗೆ ಮನೆಯ ಬಳಿ ಬಂದ ಚಿರತೆಯನ್ನು ಮತ್ತೆ ನಾವೇ ದೂರುತ್ತೇವೆ. ಕೊಟ್ಟಿಗೆಯ ಒಂದು ಮೂಲೆಗೆ ಗಟ್ಟಿ ಬಾಗಿಲು ಹಾಕಿಸಿದರೆ ಇಬ್ಬರೂ ಉಳಿಯುತ್ತಾರೆ.

ಸಿಮೆಂಟಿನ ನೆಲ ಮೈಯ ಬಿಸಿಯನ್ನು ಹೀರುತ್ತದೆ. ನೆಲದಿಂದ ಒಂದಿಷ್ಟು ಎತ್ತರಕ್ಕೆ ಹಲಗೆ ಇಟ್ಟು, ಮೇಲೆ ಗೋಣಿಚೀಲ, ಒಣ ಬತ್ತದ ಹುಲ್ಲು ಹಾಸಿರಿ. ಇಬ್ಬನಿಗೆ ತೇವವಾದ ಹಾಸನ್ನು ಬಿಸಿಲಿಗೆ ಒಣಗಿಸಿರಿ. ಹುಟ್ಟಿದ ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಬಿಸಿಯನ್ನು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ; ತಾಯಿಯಿಂದ ಅಗಲಿಸಬಾರದು. ಬರಿಯ ಮಜ್ಜಿಗೆ ಅನ್ನ ಚಳಿಗೆ ಸಾಲದು. ಬೆಚ್ಚಗಿನ ರಾಗಿ ಗಂಜಿ, ಮೊಟ್ಟೆ ಅಥವಾ ಮೀನು ಸೇರಲಿ. ನಾಯಿ ಹಲವಿದ್ದಲ್ಲಿ ತಟ್ಟೆಗಳೂ ಹಲವಿರಲಿ. ಇಲ್ಲವಾದರೆ ಮುದಿ ನಾಯಿಗೂ ಮರಿಗೂ ಏನೂ ಉಳಿಯುವುದಿಲ್ಲ.

ಕಾಡಿನಿಂದ ತಂದ ದರಕು, ಎಂದರೆ ತರಗೆಲೆಯನ್ನು ಮಾತ್ರ ಹಾಸಬೇಡಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಚಳಿಗಾಲದಲ್ಲಿ ತಲೆಯೆತ್ತಿ ಬೇಸಿಗೆಯವರೆಗೆ ಇರುತ್ತದೆ. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಜನರನ್ನು ಬಲಿ ಪಡೆದದ್ದು ನಮಗೆ ನೆನಪಿದೆ. ಅದನ್ನು ಮನುಷ್ಯನಿಗೆ ದಾಟಿಸುವ ಎಳೆಯ ಉಣುಗುಗಳು ತರಗೆಲೆಯ ನಡುವೆ ಕಾದಿರುತ್ತವೆ. ಕಾಡು ಸುತ್ತಿ ಬಂದ ನಾಯಿಯೂ ಉಣುಗನ್ನು ಮನೆಯೊಳಗೆ ಹೊತ್ತು ತರಬಲ್ಲದು. ದಿನವೂ ಕಿವಿ, ಕುತ್ತಿಗೆ, ಬೆರಳುಗಳ ಸಂದು ನೋಡಿರಿ. ಉಣುಗನ್ನು ಬರಿಗೈಯಿಂದ ಹೊಸಕದೆ, ಚಿಮಟದಿಂದ ಕಿತ್ತು ಸೋಪಿನ ನೀರಿಗೆ ಹಾಕಿರಿ. ಔಷಧವನ್ನು ಪಶುವೈದ್ಯರ ಸಲಹೆಯಂತೆಯೇ ಬಳಸಿರಿ.

ಲಸಿಕೆಗೆ ಹಣವಿಲ್ಲವೆಂದರೆ ನಾಯಿ ಒಂದು ಕಡಿಮೆ ಇರಲಿ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಮೊದಲು ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಡಿಸ್ಟೆಂಪರ್ ಲಸಿಕೆ ಅದಕ್ಕಿಂತ ಮೊದಲೇ, ಆರರಿಂದ ಎಂಟು ವಾರದ ಮರಿಗೆ ಆರಂಭವಾಗುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮುಂದಿನ ಪುಷ್ಯದಲ್ಲಿ ಮರಿಗಳನ್ನು ರಸ್ತೆಯಂಚಿಗೆ ಬಿಟ್ಟುಬರುವ ಪಾಪ ತಪ್ಪುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಮಿತ್ರರೇ, ಮರುಗುವ ಮನಸ್ಸು ಬೇಡವೆಂದು ನಾನು ಹೇಳುತ್ತಿಲ್ಲ. ಮೆಜೆಸ್ಟಿಕ್‌ನ ಮರಿಗೆ ಇಲ್ಲಿಯೇ ಒಂದು ಗೋಣಿಚೀಲ ಹಾಸಿ, ತಾಯಿಗೆ ಅನ್ನವಿಡಿರಿ. ಒಯ್ಯಲೇಬೇಕೆಂದರೆ, ತಾಯಿಯ ಹಾಲು ಬಿಟ್ಟ ಮರಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ, ಊರಿನಲ್ಲಿ ಕನಿಷ್ಠ ಮೂರು ವಾರ ಇತರ ನಾಯಿಗಳಿಂದ ಬೇರೆಯಾಗಿಡಿರಿ. ನಮ್ಮ ಅಂಗಳಕ್ಕೂ ಕಾಡಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ನಾಯಿಗೆ ಅದು ಲೆಕ್ಕಕ್ಕಿಲ್ಲ. ಲೆಕ್ಕ ಇಡಬೇಕಾದವರು ನಾವು.