ಚಾಲಕನ ಮಗ್ಗುಲಲ್ಲಿ
ನ್ಯೂಯಾರ್ಕಿನ ಸಮೀಪದ ಲಾಂಗ್ ಐಲೆಂಡಿನಲ್ಲಿ ವಿಲಿಯಂ ವ್ಯಾಂಡರ್‌ಬಿಲ್ಟನೆಂಬ ಧನಿಕ ತರುಣನು 1904ರಲ್ಲಿ ಆರಂಭಿಸಿದ ಮೋಟಾರು ಪಂದ್ಯವನ್ನು ನೆನೆವಾಗ, ಗೆದ್ದವರಿಗಿಂತ ಮೊದಲು ನನ್ನ ಕಣ್ಮುಂದೆ ನಿಲ್ಲುವವನು, ಚಾಲಕನ ಮಗ್ಗುಲಲ್ಲಿ, ಬಾಗಿಲಾಗಲಿ ಸೊಂಟಪಟ್ಟಿಯಾಗಲಿ ಇಲ್ಲದ ಆಸನದಂಚನ್ನು ಒಂದು ಕೈಯಿಂದ ಬಿಗಿಹಿಡಿದು, ಇನ್ನೊಂದರಿಂದ ಎಣ್ಣೆಯ ಪಂಪನ್ನೊತ್ತುತ್ತ, ಆಗಾಗ ಹಿಂತಿರುಗಿ ಟೈರುಗಳನ್ನು ಪರೀಕ್ಷಿಸುತ್ತಿದ್ದ ಮೆಕ್ಯಾನಿಕ್ಕನು. ವಿಜಯದ ಕೀರ್ತಿಯಲ್ಲಿ ಅವನಿಗೂ ಸಮಭಾಗ ಸಲ್ಲಬೇಕಾಗಿತ್ತೆಂದೇ ನನ್ನ ದೃಢವಾದ ನಂಬಿಕೆ. ಮೊದಲ ವರ್ಷವೇ ಅಂಥ ಮೆಕ್ಯಾನಿಕ್ಕನೊಬ್ಬನು, ವೇಗದಲ್ಲಿ ಮಗುಚಿಬಿದ್ದ ಕಾರಿನೊಡನೆ ಪ್ರಾಣ ತೆತ್ತನು. 1906ರಲ್ಲಿ, ಕಾರು ಹತ್ತಿರ ಬರುವವರೆಗೂ ರಸ್ತೆಯನ್ನು ಬಿಟ್ಟುಕೊಡದ ಜನಸಂದಣಿಯ ನಡುವೆ, ಪ್ರೇಕ್ಷಕನೊಬ್ಬನು ಮಡಿದನು. ಬಳಿಕ ವ್ಯಾಂಡರ್‌ಬಿಲ್ಟನು ಮೋಟಾರುಗಳಿಗೆಂದೇ ಪ್ರತ್ಯೇಕವಾದ ಕಾಂಕ್ರೀಟು ಮಾರ್ಗವನ್ನು ಕಟ್ಟಿಸಿದನು. ಆದರೂ 1910ರ ಪಂದ್ಯವು ಇಬ್ಬರು ಮೆಕ್ಯಾನಿಕ್ಕರನ್ನು ಬಲಿ ತೆಗೆದುಕೊಂಡಿತು. ಅಲ್ಲಿಗೆ ಲಾಂಗ್ ಐಲೆಂಡಿನಲ್ಲಿ ಆ ಸ್ಪರ್ಧೆ ನಿಂತುಹೋಯಿತು.