ಒಡೆತನವೂ ಸ್ವಾಧೀನವೂ

ಒಂದು ಮನೆಯನ್ನೋ ಹೊಲವನ್ನೋ ತೋರಿಸಿ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದು ಯಾರದು? ನ್ಯಾಯಾಲಯವಾದರೋ ಅದರೊಡನೆ ಮತ್ತೊಂದು ಪ್ರಶ್ನೆಯನ್ನೂ ಕೇಳುತ್ತದೆ: ಇದು ಯಾರ ಕೈಯಲ್ಲಿದೆ? ಮೊದಲನೆಯದು ಒಡೆತನದ ಪ್ರಶ್ನೆ, ಎರಡನೆಯದು ಸ್ವಾಧೀನದ ಪ್ರಶ್ನೆ. ಬಹುಮಟ್ಟಿಗೆ ಎರಡಕ್ಕೂ ಉತ್ತರ ಒಂದೇ ಆಗಿರುವುದರಿಂದ ಈ ಭೇದವು ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಕ್ರಯಪತ್ರವು ಒಬ್ಬರ ಪೆಟ್ಟಿಗೆಯಲ್ಲಿಯೂ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿಯೂ ಸೇರಿದ ದಿನ ಅದು ಥಟ್ಟನೆ ತಲೆಯೆತ್ತುತ್ತದೆ. ಹಳ್ಳಿಯ ಪಹಣಿಪತ್ರಿಕೆಯನ್ನು ನೋಡಿದವರಿಗೆ ಇದು ಕಣ್ಣಿಗೇ ಕಾಣುವ ವಿಷಯ. ಅದರ 9ನೆಯ ಕಾಲಮಿನಲ್ಲಿ ಖಾತೆದಾರನ ಹೆಸರು. 12ನೆಯ ಕಾಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ಎರಡು ಕಾಲಮುಗಳಲ್ಲಿ ಎರಡು ಹೆಸರಿದ್ದರೆ ಅಲ್ಲೊಂದು ವ್ಯಾಜ್ಯವು ಹುಟ್ಟಿದೆ, ಇಲ್ಲವೆ ಹುಟ್ಟಲಿದೆ ಎಂದು ಊಹಿಸಬಹುದು.

ನಾವು ವಕೀಲರಲ್ಲ. ವಕೀಲರ ಬಾಗಿಲಿಗೆ ಹೋಗುವುದಕ್ಕೆ ಮುಂಚೆ ಗೃಹಸ್ಥನಾದವನು ತಿಳಿದಿರಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳುವೆವು.

ಈ ಪ್ರಶ್ನೆ ಇಂಗ್ಲಿಷ್ ಕಾನೂನಿನೊಡನೆ ಹಡಗಿನಲ್ಲಿ ಬಂದದ್ದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂದು ಪ್ರಮಾಣಗಳನ್ನು ಎಣಿಸುವಾಗ ಭುಕ್ತಿಗೆ, ಎಂದರೆ ಅನುಭವಕ್ಕೆ, ದಸ್ತಾವೇಜಿನ ಪಕ್ಕದಲ್ಲಿಯೇ ಸ್ಥಾನ ಕೊಟ್ಟಿದೆ. ಒಡೆಯನು ಕಣ್ಣಾರೆ ನೋಡುತ್ತಿದ್ದು ಬಾಯಿ ಬಿಡದಿದ್ದರೆ, ಪರನು ಅನುಭವಿಸಿದ ಭೂಮಿಯು 20 ವರ್ಷಗಳಲ್ಲಿಯೂ ಇತರ ಧನವು 10 ವರ್ಷಗಳಲ್ಲಿಯೂ ಕೈಬಿಡುತ್ತದೆಂಬುದು ಆ ಸ್ಮೃತಿಯ ಮಾತಿನ ತಾತ್ಪರ್ಯ. ಇದಕ್ಕೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆಂದು ಕರೆಯುವ ಕಲ್ಯಾಣದಲ್ಲಿದ್ದವನು. ಅವನ ಮಿತಾಕ್ಷರೆಯು ಮುಂದೆ ಭಾರತದ ಹೆಚ್ಚು ಭಾಗಕ್ಕೆ ದಾಯಭಾಗದ ಧರ್ಮವನ್ನು ಹೇಳಿಕೊಟ್ಟಿತು. ಆದರೆ ಸ್ವಾಧೀನದ ವಿಚಾರದಲ್ಲಿ ಅವನು ತೋರಿಸಿದ ಸೂಕ್ಷ್ಮತೆಯನ್ನು ಅಷ್ಟಾಗಿ ಯಾರೂ ಸ್ಮರಿಸುವುದಿಲ್ಲ. ಸುಮ್ಮನಿದ್ದ ಮಾತ್ರಕ್ಕೆ ಒಬ್ಬನ ಭೂಮಿಯು ಮತ್ತೊಬ್ಬನದಾಗಲು ಹೇಗೆ ಸಾಧ್ಯವೆಂದು ಅವನು ಪ್ರಶ್ನೆ ಮಾಡುತ್ತಾನೆ. ಇಲ್ಲಿ ಹಾನಿಯಾಗುವುದು ಭೂಮಿಯದಲ್ಲ, ಅದರ ಫಲದ್ದು ಎಂದು ನಿರ್ಣಯಿಸುತ್ತಾನೆ. ಒಡೆಯನು ಹೊಲವನ್ನು ಹಿಂದಕ್ಕೆ ಪಡೆಯಬಹುದು. ತಾನು ಮೌನವಾಗಿ ನೋಡುತ್ತ ಕುಳಿತಿದ್ದ ವರ್ಷಗಳ ಬೆಳೆಯನ್ನು ಮಾತ್ರ ಕೇಳುವಂತಿಲ್ಲ. ಅನ್ಯನಿಗೆ ಒಡೆತನವನ್ನು ದಾನಮಾಡದೆಯೇ ಸೋಮಾರಿಯಾದ ಒಡೆಯನಿಗೆ ದಂಡ ಹಾಕುವ ಈ ಉಪಾಯವು ನಮಗೆ ಬಹಳ ವಿವೇಕದ್ದಾಗಿ ತೋರುತ್ತದೆ. ಅಡವು, ಗಡಿ, ಇಟ್ಟ ಒಡವೆ, ಬಾಲಕರ ಸ್ವತ್ತು, ಸ್ತ್ರೀಯರ ಸ್ವತ್ತು ಮೊದಲಾದವುಗಳಿಗೆ ಈ ಅವಧಿಯ ನಿಯಮವೇ ತಗಲದೆಂದೂ ಸ್ಮೃತಿಯು ಹೇಳಿದೆ. ತನ್ನ ಪರವಾಗಿ ಕೂಗಿಕೊಳ್ಳಲಾರದವರ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದೆಂಬುದು ಅದರ ಇಂಗಿತವಿರಬೇಕು.

ಈಗಿನ ಕಾನೂನು ಬೇರೆ ದಾರಿ ಹಿಡಿದಿದೆ. 1859ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕಾಲಮಿತಿಯ ಕಾಯಿದೆಯು ಸ್ಥಿರಸ್ವತ್ತಿನ ದಾವೆಗೆ 12 ವರ್ಷಗಳ ಅವಧಿಯನ್ನು ಗೊತ್ತುಮಾಡಿತು. 1908ರ ಕಾಯಿದೆಯೂ ಈಗ ನಡೆಯುತ್ತಿರುವ 1963ರ ಕಾಯಿದೆಯೂ ಆ ಅವಧಿಯನ್ನೇ ಉಳಿಸಿಕೊಂಡಿವೆ. ಅವಧಿ ಕಳೆದರೆ ದಾವೆಯ ಬಾಗಿಲು ಮುಚ್ಚುವುದಷ್ಟೇ ಅಲ್ಲ. 1963ರ ಕಾಯಿದೆಯ 27ನೆಯ ಪ್ರಕರಣದಂತೆ ಆ ಸ್ವತ್ತಿನ ಮೇಲಿನ ಹಕ್ಕೇ ನಶಿಸುತ್ತದೆ. ಸರ್ಕಾರದ ಸ್ವತ್ತಾದರೆ ಅವಧಿಯು 30 ವರ್ಷ. 1908ರ ಕಾಯಿದೆಯಲ್ಲಿ ಅದು 60 ಆಗಿತ್ತು. ವಿಜ್ಞಾನೇಶ್ವರನು ಫಲದ ಹಾನಿಯೊಂದನ್ನೇ ಒಪ್ಪಿದ ಕಡೆ ನಾವು ಮೂಲದ ಹಾನಿಯನ್ನೇ ಒಪ್ಪಿಕೊಂಡಿದ್ದೇವೆ.

ಇದನ್ನು ಕೇಳಿ ಬಾಡಿಗೆಗೆ ಮನೆ ಕೊಟ್ಟವರು ಬೆದರಬೇಕಾದುದಿಲ್ಲ. ಪರರ ಸ್ವತ್ತಿನಲ್ಲಿ ಹನ್ನೆರಡು ವರ್ಷ ಇದ್ದ ಮಾತ್ರಕ್ಕೆ ಅದು ತನ್ನದಾಗುತ್ತದೆಂಬ ಮಾತು ನಗರದ ಜಗಲಿಗಳಲ್ಲಿ ಆಗಾಗ ಕೇಳಿಬರುವುದುಂಟು. ಅದು ಅರ್ಧ ತಿಳಿವಳಿಕೆಯ ಫಲ. ಹಕ್ಕನ್ನು ಕಳೆಯುವ ಸ್ವಾಧೀನವು ಪ್ರತಿಕೂಲ ಸ್ವಾಧೀನವಾಗಿರಬೇಕು. ಎಂದರೆ ಅದು ಬಲಾತ್ಕಾರದಿಂದಾಗಲಿ ಗುಟ್ಟಾಗಿಯಾಗಲಿ ಅನುಮತಿಯಿಂದಾಗಲಿ ಬಂದುದಾಗಿರಬಾರದು. ಒಡೆಯನ ಹಕ್ಕಿಗೆ ಇದಿರಾಗಿ, ಬಹಿರಂಗವಾಗಿ, ಎಡೆಬಿಡದೆ ನಡೆದಿರಬೇಕು. ಬಾಡಿಗೆದಾರನು ಅನುಮತಿಯಿಂದ ಒಳಗೆ ಬಂದವನು. ಅವನು ಮೂವತ್ತು ವರ್ಷವಿದ್ದರೂ ಬಾಡಿಗೆದಾರನೇ. ಬಾಡಿಗೆಯು ನಡೆಯುತ್ತಿರುವಾಗ ಮನೆ ಕೊಟ್ಟವನಿಗೆ ಆರಂಭದಲ್ಲಿ ಹಕ್ಕೇ ಇರಲಿಲ್ಲವೆಂದು ಅವನು ವಾದಿಸಕೂಡದೆಂಬುದು 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ನಿಯಮ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಮನೆ ಕಾಯುವ ಆಳು, ತೋಟ ನೋಡಿಕೊಳ್ಳುವ ಬಂಧು, ಇವರ ಮಾತೂ ಅಷ್ಟೆ. ಗೋವೆಯಲ್ಲಿ ಒಡಹುಟ್ಟಿದವರಿಬ್ಬರ ನಡುವೆ ಹುಟ್ಟಿದ ವ್ಯಾಜ್ಯವೊಂದರಲ್ಲಿ, ಸೋದರಿಯ ಮನೆಯಲ್ಲಿದ್ದ ಸೋದರನಿಗೆ ಎಷ್ಟು ದೀರ್ಘಕಾಲದ ವಾಸದಿಂದಲೂ ಹಕ್ಕು ಹುಟ್ಟದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ಕೊಟ್ಟಿತು.

ಇನ್ನೊಂದು ಬದಲಾವಣೆಯು ಮೇಲುನೋಟಕ್ಕೆ ಸಣ್ಣದು, ಪರಿಣಾಮದಲ್ಲಿ ಬಹಳ ದೊಡ್ಡದು. 1908ರ ಕಾಯಿದೆಯ ಕಾಲದಲ್ಲಿ ಸ್ವಾಧೀನವನ್ನು ಕಳೆದುಕೊಂಡ ಒಡೆಯನು ದಾವೆ ಹೂಡಿದರೆ, ಹಕ್ಕನ್ನು ಸ್ಥಾಪಿಸುವುದರ ಜೊತೆಗೆ ಹಿಂದಿನ 12 ವರ್ಷಗಳೊಳಗೆ ತಾನು ಸ್ವಾಧೀನದಲ್ಲಿದ್ದೆನೆಂಬುದನ್ನೂ ಸ್ಥಾಪಿಸಬೇಕಾಗಿತ್ತು. 1963ರ ಬಳಿಕ ಹಕ್ಕಿನ ಆಧಾರದ ಮೇಲೆ ಬಂದ ವಾದಿಯು ಹಕ್ಕನ್ನು ತೋರಿಸಿದರೆ ಸಾಕು; ತನ್ನ ಸ್ವಾಧೀನವು ಪ್ರತಿಕೂಲವಾಗಿ 12 ವರ್ಷ ನಡೆಯಿತೆಂದು ರುಜುವಾತು ಪಡಿಸುವ ಭಾರವು ಪ್ರತಿವಾದಿಯ ಹೆಗಲಿಗೆ ಬಿತ್ತು. ಯಾವ ದಿನ ಒಳಗೆ ಬಂದೆ, ಹೇಗೆ ಬಂದೆ, ಒಡೆಯನಿಗೆ ಅದು ತಿಳಿದಿತ್ತೆ, ಎಷ್ಟು ಕಾಲ ತಡೆಯಿಲ್ಲದೆ ಇದ್ದೆ ಎಂಬುದನ್ನೆಲ್ಲ ಅವನು ಸ್ಪಷ್ಟವಾಗಿ ಹೇಳಬೇಕೆಂದು, ಕರ್ನಾಟಕ ವಕ್ಫ್ ಮಂಡಳಿಗೂ ಭಾರತ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ವಿಧಿಸಿತು. ಈ ಸ್ವತ್ತು ನನ್ನದೇ ಎಂದು ಒಂದು ಬಾಯಲ್ಲಿಯೂ, ನಿನ್ನದಾಗಿದ್ದುದನ್ನು ನಾನು ಹನ್ನೆರಡು ವರ್ಷ ಅನುಭವಿಸಿ ಗೆದ್ದೆನೆಂದು ಇನ್ನೊಂದು ಬಾಯಲ್ಲಿಯೂ ಹೇಳುವುದು ಪರಸ್ಪರ ವಿರುದ್ಧವೆಂದೂ ಅಲ್ಲಿಯೇ ಹೇಳಿದೆ. 2008ರಲ್ಲಿ ಅದೇ ನ್ಯಾಯಾಲಯವು ಈ ನಿಯಮವು ಯುಕ್ತಿಗೆ ಹೊಂದದೆಂದು ಕಟುವಾಗಿ ನುಡಿದು, ಮರುವಿಚಾರ ಮಾಡುವಂತೆ ಸರ್ಕಾರಕ್ಕೆ ಸೂಚಿಸಿತು. ಆದರೆ ಅವಧಿ ತುಂಬಿದ ಸ್ವಾಧೀನದಾರನು ಪ್ರತಿವಾದಿಯಾಗಿ ತಡೆಯೊಡ್ಡುವುದಲ್ಲದೆ ತಾನೇ ವಾದಿಯಾಗಿಯೂ ಬರಬಹುದೆಂದು 2019ರಲ್ಲಿ ತೀರ್ಪಾಯಿತು. 2023ರಲ್ಲಿ ಕಾನೂನು ಆಯೋಗವು ತನ್ನ 280ನೆಯ ವರದಿಯಲ್ಲಿ ನಿಯಮವನ್ನು ಬದಲಿಸುವುದಕ್ಕೆ ಕಾರಣ ಕಾಣದೆಂದಿತು. ಹೀಗೆ ಬೈಸಿಕೊಂಡೂ ಅದು ಬದುಕಿದೆ. ಪ್ರಜೆಯ ಭೂಮಿಯನ್ನು ಪರಿಹಾರವಿಲ್ಲದೆ ಹಿಡಿದ ಸರ್ಕಾರವು ಮಾತ್ರ ಪ್ರತಿಕೂಲ ಸ್ವಾಧೀನವೆಂಬ ನೆಪವನ್ನು ಹೂಡಲಾಗದೆಂದು 2020ರಲ್ಲಿ ಹೇಳಿರುವುದು ಸಮಾಧಾನದ ಸಂಗತಿ.

ಇಷ್ಟು ಒಡೆಯನ ಪಕ್ಷದಲ್ಲಿ ಹೇಳಿದ್ದಾಯಿತು. ಈಗ ಅವನಿಗೆ ರುಚಿಸದ ಮಾತೊಂದನ್ನು ಹೇಳಬೇಕು. ತರ್ಕಶಾಸ್ತ್ರದ ಗ್ರಂಥಗಳಲ್ಲಿ ದುಡಿದು ದಣಿದ ದೇವದತ್ತ ಯಜ್ಞದತ್ತರನ್ನೇ ಇಲ್ಲಿಗೂ ಕರೆಯೋಣ. ದೇವದತ್ತನ ಮನೆಯಲ್ಲಿ ಯಜ್ಞದತ್ತನು ಬಾಡಿಗೆಗಿದ್ದಾನೆ. ಕರಾರಿನ ಅವಧಿ ಮುಗಿಯಿತು, ಬಿಡುವಂತೆ ನೋಟೀಸೂ ಆಯಿತು, ಯಜ್ಞದತ್ತನು ಅಲುಗಲಿಲ್ಲ. ಅವನು ಹಬ್ಬಕ್ಕೆಂದು ಊರಿಗೆ ಹೋದ ಸಮಯದಲ್ಲಿ ದೇವದತ್ತನು ಬೀಗ ಒಡೆಸಿ, ಪಾತ್ರೆ ಪಡಗಗಳನ್ನು ಜಗಲಿಗೆ ಹಾಕಿಸಿ, ಹೊಸ ಬೀಗ ಜಡಿದನು. ತನ್ನ ಮನೆಗೆ ತಾನು ಬೀಗ ಹಾಕಿಕೊಂಡರೆ ತಪ್ಪೇನು ಎಂಬುದು ಅವನ ಪ್ರಶ್ನೆ. ಕಾನೂನಿನ ಕಣ್ಣಿನಲ್ಲಿ ಅದು ತಪ್ಪೇ. 1963ರ ನಿರ್ದಿಷ್ಟ ಪರಿಹಾರಗಳ ಕಾಯಿದೆಯ 6ನೆಯ ಪ್ರಕರಣದಂತೆ, ತನ್ನ ಸಮ್ಮತಿಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ತಂದರೆ ಅವನಿಗೆ ಸ್ವಾಧೀನವನ್ನು ಮರಳಿ ಕೊಡಿಸಬೇಕು. ಆ ದಾವೆಯಲ್ಲಿ ದೇವದತ್ತನು ತನ್ನ ಕ್ರಯಪತ್ರವನ್ನು ಎಷ್ಟು ಎತ್ತಿ ತೋರಿಸಿದರೂ ಪ್ರಯೋಜನವಿಲ್ಲ. ಹಕ್ಕಿನ ವಿಚಾರವು ಅಲ್ಲಿ ಏಳುವುದೇ ಇಲ್ಲ. ಆ ತೀರ್ಪಿನ ಮೇಲೆ ಅಪೀಲೂ ಇಲ್ಲ. ಹಕ್ಕನ್ನು ಸ್ಥಾಪಿಸಿ ಮನೆ ಬಿಡಿಸಿಕೊಳ್ಳುವ ದಾವೆಯನ್ನು ಅವನು ಬೇರೆಯಾಗಿ ಹೂಡಬಹುದು. ಮೊದಲು ಬೀಗದ ಕೈಯನ್ನು ಹಿಂದಕ್ಕೆ ಕೊಡಬೇಕು. ಮುಗಿದ ಗೇಣಿಯ ಬಳಿಕವೂ ಒಡೆಯನು ಬಲದಿಂದ ಸ್ವಾಧೀನ ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಹೇಳಿತು. ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಮಿಕ್ಕ ಜಗತ್ತಿಗೆಲ್ಲ ಸ್ವಾಧೀನವೇ ಸಾಕಾದ ಹಕ್ಕೆಂಬ ತತ್ತ್ವವನ್ನು ಎತ್ತಿಹಿಡಿದುದೂ ಆ ವರ್ಷವೇ.

ಇದು ಅನ್ಯಾಯವಾಗಿ ತೋರಬಹುದು. ಆದರೆ ದೇವದತ್ತನಿಗೆ ಈ ಸ್ವಾತಂತ್ರ್ಯವನ್ನು ಕೊಟ್ಟರೆ, ಒಡೆಯನೆಂದು ಹೇಳಿಕೊಳ್ಳುವ ಪ್ರತಿಯೊಬ್ಬನಿಗೂ ಕೊಟ್ಟಂತೆಯೇ ಆಯಿತು. ಬೀಗ ಒಡೆಯುವ ಹೊತ್ತಿನಲ್ಲಿ ಯಾರ ಕ್ರಯಪತ್ರ ಸಾಚಾ ಯಾರದು ಖೋಟಾ ಎಂದು ಪರೀಕ್ಷಿಸತಕ್ಕವರು ಯಾರು? ಅಂಥ ಕಡೆ ಗೆಲ್ಲುವುದು ಆಳುಗಳ ಸಂಖ್ಯೆಯೇ. ಶಾಂತಿಭಂಗವಾಗುವ ಸಂಭವವಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹಕ್ಕಿನ ಗೊಡವೆಗೆ ಹೋಗದೆ ಆ ದಿನ ಸ್ವಾಧೀನದಲ್ಲಿದ್ದವರು ಯಾರೆಂಬುದನ್ನಷ್ಟೇ ವಿಚಾರಿಸುತ್ತಾರೆ. ಹಿಂದಿನ ಎರಡು ತಿಂಗಳೊಳಗೆ ಬಲಾತ್ಕಾರದಿಂದ ಹೊರಬಿದ್ದವನನ್ನು ಸ್ವಾಧೀನದಲ್ಲಿದ್ದವನಂತೆಯೇ ಎಣಿಸುತ್ತಾರೆ.

ಹಾಗಾದರೆ ಒಡೆತನಕ್ಕೆ ಆಧಾರವೇನು? ಈ ವಿಚಾರದಲ್ಲಿ ವಿದ್ಯಾವಂತರೂ ಭ್ರಮೆಯಲ್ಲಿರುವುದನ್ನು ನಾವು ಕಾಣುತ್ತೇವೆ. ಖಾತೆ ನನ್ನ ಹೆಸರಿನಲ್ಲಿದೆ, ಕಂದಾಯ ನಾನೇ ಕಟ್ಟುತ್ತೇನೆ, ಇನ್ನೇನು ಬೇಕು ಎನ್ನುವವರು ಬೆಂಗಳೂರಿನ ಪ್ರತಿ ಬೀದಿಯಲ್ಲಿಯೂ ಸಿಕ್ಕುವರು. ಖಾತೆಯು ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂಬುದಕ್ಕೆ ಇರತಕ್ಕ ಲೆಕ್ಕ. ಅದರಿಂದ ಒಡೆತನವು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಪಹಣಿಯ ದಾಖಲೆಯನ್ನು, ಬೇರೆಯಾಗಿ ಸಿದ್ಧವಾಗುವವರೆಗೆ ನಿಜವೆಂದು ಭಾವಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣವು ಹೇಳುತ್ತದೆ. ಅಷ್ಟಕ್ಕೇ ಅದರ ಬಲ ಮುಗಿಯಿತು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯಂತೆ ನೂರು ರೂಪಾಯಿಗಾಗಲಿ ಅದಕ್ಕೆ ಮೇಲ್ಪಟ್ಟಾಗಲಿ ಬೆಲೆಯುಳ್ಳ ಸ್ಥಿರಸ್ವತ್ತಿನ ಕ್ರಯವು ನೋಂದಾಯಿಸಿದ ಪತ್ರದಿಂದಲೇ ಆಗಬೇಕು. ಮುದ್ರಾಶುಲ್ಕವನ್ನು ಉಳಿಸಲೆಂದು ಅಧಿಕಾರಪತ್ರವನ್ನು ಬರೆಸಿಕೊಂಡು ನಿವೇಶನ ಕೊಂಡೆವೆಂದುಕೊಂಡವರಿಗೆ ಅದರಿಂದ ಒಡೆತನವು ಬರಲಿಲ್ಲವೆಂದು 2011ರ ತೀರ್ಪು ತಿಳಿಸಿತು. ಉಳಿಸಿದ ಶುಲ್ಕಕ್ಕಿಂತ ಕಳೆದ ನಿದ್ರೆ ಹೆಚ್ಚಾಗಿರಬೇಕು.

ದಾವೆಯ ಪ್ರಾರ್ಥನೆಯನ್ನು ಬರೆಸುವಾಗಲೂ ಈ ಭೇದವನ್ನು ಮರೆಯಬಾರದು. ಸ್ವಾಧೀನವಿದ್ದು ಹಕ್ಕಿನ ವಿಷಯದಲ್ಲಿ ತಕರಾರಿಲ್ಲದಿದ್ದರೆ ತಡೆಯಾಜ್ಞೆಯನ್ನು ಕೇಳಿದರೆ ಸಾಕು. ಹಕ್ಕಿನ ಮೇಲೆಯೇ ಮೋಡ ಕವಿದಿದ್ದರೆ ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಹಕ್ಕಿಗೆ ತಕರಾರಿದ್ದು ಸ್ವಾಧೀನವೂ ಹೋಗಿದ್ದರೆ ಘೋಷಣೆಯೊಡನೆ ಸ್ವಾಧೀನವನ್ನೂ ಕೇಳಬೇಕು. ಇದನ್ನು 2008ರ ತೀರ್ಪೊಂದು ಬಿಡಿಸಿ ಹೇಳಿದೆ. ಬರಿಯ ತಡೆಯಾಜ್ಞೆಯನ್ನು ಕೇಳಿ ಅನೇಕ ವರ್ಷ ಕಾದು, ಕೊನೆಗೆ ಕೇಳಿದ್ದೇ ತಪ್ಪಾಯಿತೆಂದು ಮನೆಗೆ ಮರಳಿದ ಕಕ್ಷಿಗಾರರು ಅಪರೂಪವಲ್ಲ.

ಸ್ವಾಧೀನವು ಒಡೆತನವನ್ನು ಗೆದ್ದ ಅತಿ ದೊಡ್ಡ ಸಂದರ್ಭವು ನ್ಯಾಯಾಲಯದಲ್ಲಿ ನಡೆಯಲಿಲ್ಲ, ಶಾಸನಸಭೆಯಲ್ಲಿ ನಡೆಯಿತು. ತಿದ್ದುಪಡಿಯಾದ ಭೂಸುಧಾರಣೆಯ ಕಾಯಿದೆಯಂತೆ 1974ರ ಮಾರ್ಚಿ 1ರಂದು ಗೇಣಿದಾರರ ಕೈಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಅರ್ಜಿ ಕೊಟ್ಟು ಅದನ್ನು ತಮ್ಮದಾಗಿಸಿಕೊಳ್ಳುವ ಮಾರ್ಗವು ತೆರೆಯಿತು. ಪಹಣಿಯ 12ನೆಯ ಕಾಲಮಿನ ಹೆಸರು 9ನೆಯ ಕಾಲಮಿಗೆ ಏರಿತು. ಅದರ ಗುಣದೋಷಗಳ ಚರ್ಚೆಗೆ ಬೇರೊಂದು ಭಾಷಣವೇ ಬೇಕು.

ಕೊನೆಯದಾಗಿ ಮನೆಯ ಹೆಣ್ಣುಮಕ್ಕಳ ವಿಚಾರ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಕರ್ನಾಟಕದ ತಿದ್ದುಪಡಿಯು 1994ರಲ್ಲಿ ಜಾರಿಗೆ ಬಂದು ಅವಿಭಕ್ತ ಕುಟುಂಬದ ಅವಿವಾಹಿತ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ವಿವಾಹದ ಭೇದವನ್ನು ತೊಡೆಯಿತು. ಆ ದಿನ ತಂದೆಯು ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಿಳಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತವಾದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ಹೀಗೆ ಹಕ್ಕು ಬಂದರೂ ಹೊಲವು ಅಣ್ಣತಮ್ಮಂದಿರ ಕೈಯಲ್ಲಿಯೇ ಇರುವುದು ರೂಢಿ. ಇಷ್ಟು ವರ್ಷ ನಾವೇ ಉತ್ತೆವು, ಅವಳು ಒಮ್ಮೆಯೂ ಬಂದು ಕೇಳಲಿಲ್ಲ ಎಂಬುದು ಅವರ ಉತ್ತರ. ಈ ಉತ್ತರವು ನಿಲ್ಲತಕ್ಕದ್ದಲ್ಲ. ಕೂಡು ಒಡೆತನದಲ್ಲಿ ಒಬ್ಬನ ಸ್ವಾಧೀನವು ಎಲ್ಲರ ಪರವಾದ ಸ್ವಾಧೀನ. ನಿನಗೆ ಇದರಲ್ಲಿ ಭಾಗವಿಲ್ಲವೆಂದು ಮುಖಕ್ಕೆ ಹೇಳಿ ಹೊರಗಿಟ್ಟು, ಅದು ಅವಳಿಗೆ ತಿಳಿದ ದಿನದಿಂದ ಮಾತ್ರ ಹನ್ನೆರಡು ವರ್ಷಗಳ ಲೆಕ್ಕವು ಆರಂಭವಾಗುತ್ತದೆ. ತವರಿನ ಮೇಲಿನ ಮಮತೆಯಿಂದ ಅವಳು ಸುಮ್ಮನಿದ್ದ ವರ್ಷಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.