ಸೈಕಲ್ ಮಕ್ಕಳೂ ವಾಹನ ಚಾಲಕರೂ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ಬಸ್ ಚಾಲಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಈ ಶಾಲೆಗೆ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದುಕೊಂಡು ಬಂದವನು. ಆಮೇಲೆ ಮೂವತ್ತು ವರ್ಷ ಬಸ್ಸಿನ ಸ್ಟೀರಿಂಗ್ ಹಿಡಿದವನು. ರಸ್ತೆಯನ್ನು ಎರಡೂ ಸೀಟಿನಿಂದ ನೋಡಿದ್ದೇನೆ. ಮುಖ್ಯ ಶಿಕ್ಷಕರು ಮಾತಾಡಿ ಎಂದಾಗ ಆ ಧೈರ್ಯದಿಂದಲೇ ಒಪ್ಪಿದೆ.

ನಮ್ಮ ಕಾಲದಲ್ಲಿ ಶಾಲೆಗೆ ಬರುತ್ತಿದ್ದ ಸೈಕಲ್ಲುಗಳು ನಾಲ್ಕೋ ಐದೋ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಸಾಲುಸಾಲಾಗಿ ಶಾಲೆಗೆ ಬರುವುದನ್ನು ನೋಡಿ ಸಂತೋಷಪಟ್ಟೆ. ಆದರೆ ಲಾರಿ ಬಸ್ಸುಗಳ ನಡುವೆ ಸೈಕಲ್ ಓಡಿಸುವುದು ಹೇಗೆಂದು ಆ ಮಕ್ಕಳಿಗೆ ಹೇಳಿಕೊಟ್ಟವರು ಕಡಿಮೆ.

ಒಂದು ಸಂಜೆಯ ಮಾತು ಹೇಳುತ್ತೇನೆ. ಕಬ್ಬು ಕಡಿಯುವ ಕಾಲ. ನನ್ನ ಬಸ್ಸಿನ ಮುಂದೆ ಒಬ್ಬ ಹುಡುಗಿ ಡಾಂಬರಿನ ತೀರಾ ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದಳು. ಹಾರನ್ ಮಾಡಿ ಮುಂದಕ್ಕೆ ಹೋದೆ. ಗುಂಡಿ ಸಿಕ್ಕಿತೆಂದು ಅವಳು ಥಟ್ಟನೆ ಬಲಕ್ಕೆ ಬಂದಳು. ಬ್ರೇಕ್ ಒತ್ತಿದೆ. ಬಸ್ಸು ನಿಂತಾಗ ನಡುವೆ ಇದ್ದದ್ದು ಒಂದು ಮಾರು ಜಾಗ. ಮಗು ಗಾಬರಿಯಿಂದ ಬಿದ್ದಿತ್ತು, ಮೊಣಕಾಲು ತರಚಿತ್ತು, ಅಷ್ಟೇ. ಎತ್ತಿ ನಿಲ್ಲಿಸಿದಾಗ ಅಳುತ್ತಾ ಹೇಳಿದಳು: "ಹಿಂದೆ ಬರೋರು ನನ್ನ ನೋಡ್ಕೊಂಡು ಬರ್ತಾರೆ ಅಂದ್ಕೊಂಡಿದ್ದೆ ಅಣ್ಣಾ." ನಾನೂ ಅವಳಿಗೆ ಹಾರನ್ ಕೇಳಿಸಿದೆ ಅಂದುಕೊಂಡಿದ್ದೆ. ಇಬ್ಬರದೂ ಒಂದೇ ತಪ್ಪು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಕ್ಕಳೇ, ಚಾಲಕ ನಿಮ್ಮನ್ನು ನೋಡಿದ್ದಾನೆಂದು ನಂಬಬೇಡಿ. ನೋಡಿಲ್ಲ ಎಂದುಕೊಂಡೇ ಸೈಕಲ್ ಹೊಡೆಯಿರಿ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನಮ್ಮ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಬಸ್ಸು ನಿಲ್ಲುವುದು ಅದಾದ ಮೇಲೆ.

ರಸ್ತೆಯ ಎಡಗಡೆಯಲ್ಲೇ ಹೋಗಿ, ಆದರೆ ತೀರಾ ಅಂಚಿನಲ್ಲಿ ಬೇಡ. ಅಲ್ಲಿ ಡಾಂಬರು ಒಡೆದು ಮಣ್ಣಿಗೆ ಇಳಿದಿರುತ್ತದೆ. ಎರಡು ಮೊಳ ಒಳಗೆ, ನೇರವಾಗಿ ಹೋಗಿ. ಆಗ ಗುಂಡಿ ತಪ್ಪಿಸಲು ನಿಮಗೆ ಎಡಕ್ಕೂ ಜಾಗವಿರುತ್ತದೆ. ಬಲಕ್ಕೆ ತಿರುಗುವ ಮೊದಲು ಹಿಂದೆ ತಿರುಗಿ ನೋಡಿ, ಕೈ ತೋರಿಸಿ. ವಾಹನ ಹತ್ತಿರವಿದ್ದರೆ ಅದು ಹೋಗಲಿ. ಹೊಲದ ದಾರಿಯಿಂದ ಟಾರು ರಸ್ತೆಗೆ ಬರುವಾಗ ಕಾಲೂರಿ ನಿಂತು, ಎರಡೂ ಕಡೆ ನೋಡಿ ಬನ್ನಿ. ಮಾತಾಡಿಕೊಂಡು ಮೂವರು ಅಕ್ಕಪಕ್ಕ ಹೋಗಬೇಡಿ.

ಹತ್ತಿರವೆಂದು ಬಲಗಡೆಯಿಂದ ಎದುರಿಗೆ ಬರಬೇಡಿ. ನಿಮ್ಮ 15, ಬಸ್ಸಿನ 60 ಕೂಡಿ 75 ಕಿಲೋಮೀಟರ್ ವೇಗದಲ್ಲಿ ಒಬ್ಬರ ಕಡೆಗೊಬ್ಬರು ಬರುತ್ತೀರಿ. ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಉದ್ದನೆಯ ವಾಹನ ಎಡಕ್ಕೆ ತಿರುಗುವಾಗ ಅದರ ಎಡಬದಿಗೆ ಹೋಗಲೇಬೇಡಿ. ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಇನ್ನೂ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗಿ ಜಲ್ಲೆ ಎಳೆಯುವ ಆಟವನ್ನು ನಾನೂ ಆಡಿದ್ದೇನೆ. ಎರಡು ಟ್ರೇಲರ್ ಎಳೆಯುವ ಚಾಲಕನಿಗೆ ಹಿಂದಿರುವ ನೀವು ಕಾಣುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ಇನ್ನು ಚಾಲಕ ಬಂಧುಗಳಿಗೆ. ಸೈಕಲ್ಲನ್ನು ದಾಟುವಾಗ ಒಂದು ಮಾರು ಜಾಗ ಬಿಡಿ. ಎದುರಿನಿಂದ ವಾಹನ ಬರುತ್ತಿದ್ದರೆ ಸೈಕಲ್ಲಿನ ಹಿಂದೆಯೇ ನಿಧಾನಕ್ಕೆ ಹೋಗಿ, ಕಳೆದುಕೊಳ್ಳುವುದು ಅರ್ಧ ನಿಮಿಷ. ಹಾರನ್ ದೂರದಿಂದಲೇ ಮಾಡಿ, ಕಿವಿಯ ಹತ್ತಿರ ಬಾರಿಸಿದರೆ ಮಗು ಬೆಚ್ಚಿಬೀಳುತ್ತದೆ. ರಾತ್ರಿ ಲೈಟು ಡಿಮ್ ಮಾಡಿ.

ಊರಿನವರಿಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿ ಪಕ್ಕದಲ್ಲಿ ಕಲ್ಲು ಇಡುತ್ತೇವೆ. ಆಗ ಸೈಕಲ್ ಮಗು ರಸ್ತೆಯ ಮಧ್ಯಕ್ಕೆ ಹೋಗಬೇಕಾಗುತ್ತದೆ. ಹಾಗೆ ಹೋಗುವ ಮಗು ನಮ್ಮ ಮನೆಯದೇ. ಕಣಕ್ಕೆ ಜಾಗವಿಲ್ಲದ ಕಷ್ಟ ನನಗೂ ಗೊತ್ತು. ಪಂಚಾಯಿತಿಯವರು, ಹಿರಿಯರು ಕೂತು ಊರಿಗೊಂದು ಒಕ್ಕಣೆ ಕಣ ಮಾಡಲು ಯೋಚಿಸಬೇಕು. ಕೆಟ್ಟು ನಿಂತ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇಲ್ಲದಿದ್ದರೆ ಕತ್ತಲಲ್ಲಿ ಅದೂ ಒಂದು ಗೋಡೆಯೇ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ಶಾಲೆಗೆ ಬರುವ ಪ್ರತಿ ಸೈಕಲ್ಲಿಗೂ ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸೋಣ, ಎರಡೂ ಬ್ರೇಕ್ ನೋಡಿಸೋಣ. ಖರ್ಚಿನಲ್ಲಿ ನನ್ನ ಪಾಲು ಇವತ್ತೇ ಕೊಡುತ್ತೇನೆ. ದೈಹಿಕ ಶಿಕ್ಷಕರು ಒಪ್ಪಿದರೆ, ಹ್ಯಾಂಡಲ್ ಅಲ್ಲಾಡದಂತೆ ಹಿಂದೆ ತಿರುಗಿ ನೋಡುವುದನ್ನು ಇದೇ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಶನಿವಾರ ಶನಿವಾರ ನಾನೇ ಹೇಳಿಕೊಡುತ್ತೇನೆ.

ಐವತ್ತು ವರ್ಷ ಈ ಶಾಲೆ ನಮ್ಮೂರ ಮಕ್ಕಳಿಗೆ ದಾರಿ ತೋರಿಸಿದೆ. ಆ ಮಕ್ಕಳು ಶಾಲೆಗೆ ಬರುವ ದಾರಿಯನ್ನು ಕಾಯುವುದು ನಮ್ಮ ಕೆಲಸ.